ನನ್ನದಲ್ಲದ ಮುಚ್ಚಳ

ನಾನು ಒಂದು ಮಾರ್ಕರ್ ಪೆನ್ನು. ಬಣ್ಣ ಬೂದು, ನಂಬರು ಏಳು. ಶಾಲೆಯ ಬಿಳಿ ಹಲಗೆಯ ಮೇಲೆ ಬರೆದು ಬಟ್ಟೆಯಿಂದ ಒರೆಸಿ ಹಾಕುತ್ತಾರಲ್ಲ, ಆ ಪೆನ್ನು ಎಂದುಕೊಳ್ಳಬೇಡಿ. ನಾನು ಕಾಗದಕ್ಕೆ ಹತ್ತಿದರೆ ಹತ್ತಿದೆ. ರಬ್ಬರಿಗೆ ಹೆದರುವುದಿಲ್ಲ, ನೀರಿಗೂ ಹೆದರುವುದಿಲ್ಲ. ನನಗಿರುವ ಹೆಮ್ಮೆ ಇದೊಂದೇ. ಮನುಷ್ಯರ ಕೈಗಳನ್ನು ಹತ್ತಿರದಿಂದ ಕಂಡಿದ್ದೇನೆ. ಒಂದನ್ನೂ ಮೆಚ್ಚಿಲ್ಲ.

ನಾನು ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಪ್ಲಾಸ್ಟಿಕ್ ಕೊಳವೆಯೊಳಗೆ ಸ್ಪಿರಿಟ್ಟಿನ ಶಾಯಿ ಕುಡಿದ ಹತ್ತಿಯಂಥ ಒಂದು ಬತ್ತಿಯನ್ನು ತುರುಕಿದರು. ಒಂದು ತುದಿಗೆ ಉಳಿಯಂಥ ಅಗಲ ಮೂಗು, ಇನ್ನೊಂದಕ್ಕೆ ಸೂಜಿಯಂಥದ್ದು. ಮೈಮೇಲೆ ನಂಬರು ಬರೆದು, ಅಗಲ ಮೂಗಿನ ಮುಚ್ಚಳದ ಮೇಲೂ ಅದನ್ನೇ ಒತ್ತಿದರು. ನಮ್ಮ ಮನೆತನದಲ್ಲಿ ಒಂದನೆಯವನು ಕನ್ನಡಿಯ ಮೇಲೆ ಬಿಟ್ಟ ಉಸಿರಿನಷ್ಟು ತೆಳು, ಒಂಬತ್ತನೆಯವನು ಕಾವಲಿಯ ತಳದಷ್ಟು ಕಪ್ಪು. ನಾನು ಒದ್ದೆಯಾದ ಡಾಂಬರು ರಸ್ತೆ. ಬಣ್ಣಗಳು ಬೇರೆ ಬೇರೆ, ಮುಚ್ಚಳಗಳು ಮಾತ್ರ ಎಲ್ಲರಿಗೂ ಒಂದೇ ಅಚ್ಚಿನವು. ಈ ಮಾತು ನೆನಪಿರಲಿ.

ನಮ್ಮ ಕೆಲಸಕ್ಕೆ ಒಂದು ಕಟ್ಟಳೆ ಇದೆ. ತಿಳಿ ಮೊದಲು, ಗಾಢ ಕೊನೆಗೆ. ಮಿಕ್ಸರಿನದೋ ಇಸ್ತ್ರಿಪೆಟ್ಟಿಗೆಯದೋ ಚಿತ್ರ ಬರೆಯುವವರು ಗೆರೆ ಎಳೆದ ಮೇಲೆ ಮೊದಲು ಎರಡನೆಯವನನ್ನು ಕರೆಯುತ್ತಾರೆ. ಅವನು ಇಡೀ ಮುಖದ ಮೇಲೆ ಹಾಯಾಗಿ ಓಡಾಡಿ ಬರುತ್ತಾನೆ. ಆಮೇಲೆ ನಾಲ್ಕು, ಐದು. ಎಲ್ಲ ಮುಗಿದ ಮೇಲೆ ತಳದ ನೆರಳಿಗೆ ನಾನು. ಯಾವ ವಸ್ತುವಿನ ಮುಖವೂ ನನಗೆ ಗೊತ್ತಿಲ್ಲ, ಕಾಲಡಿ ಗೊತ್ತು. ತಿಳಿಯ ಮೇಲೆ ಗಾಢ ಬರಬಹುದು, ಗಾಢದ ಮೇಲೆ ತಿಳಿ ಎಷ್ಟು ತಿಕ್ಕಿದರೂ ಬರುವುದಿಲ್ಲ. ಹಿಂದಕ್ಕೆ ಹೋಗುವ ದಾರಿ ನಮ್ಮಲ್ಲಿಲ್ಲ.

ಹುಬ್ಬಳ್ಳಿಯ ಒಂದು ಅಂಗಡಿಯಿಂದ ನಮ್ಮನ್ನು ಡಬ್ಬಿ ಸಮೇತ ಕೊಂಡವಳು ಶಾಂಭವಿ. ಊರಲ್ಲಿ ಅವಳ ಅಪ್ಪನದು ಟೈಲ್ಸ್ ಶೋರೂಮು. ಹುಬ್ಬಳ್ಳಿ ಧಾರವಾಡದ ನಡುವಿನ ಒಂದು ಡಿಸೈನ್ ಕಾಲೇಜಿನಲ್ಲಿ ಮೊದಲ ವರ್ಷಕ್ಕೆ ಸೇರಿ, ಅಲ್ಲಿನ ಹಾಸ್ಟೆಲ್ಲಿನಲ್ಲಿದ್ದಳು. ಪ್ರಾಡಕ್ಟ್ ಡಿಸೈನ್ ಕಲಿಯುತ್ತೇನೆಂದು ಕಂಡವರಿಗೆಲ್ಲ ಹೇಳಿಕೊಂಡಿದ್ದಳು. ಅವಳ ಕೈ ನನಗೆ ಮೊದಲ ದಿನವೇ ಸೇರಲಿಲ್ಲ. ತೆಂಗಿನಕಾಯಿ ತುರಿಯುವವಳ ಹಾಗೆ ಒತ್ತುತ್ತಿದ್ದಳು. ಬರೆದಾದ ಮೇಲೆ ಮುಚ್ಚಳವನ್ನು ಸುಮ್ಮನೆ ತಲೆಯ ಮೇಲಿಟ್ಟು ಬಿಡುತ್ತಿದ್ದಳು. ಟಕ್ ಎನ್ನುವವರೆಗೆ ಒತ್ತಿದ್ದನ್ನು ನಾನು ಒಂದು ದಿನವೂ ಕೇಳಲಿಲ್ಲ. ಮೇಲೆ ಫ್ಯಾನು ತಿರುಗುತ್ತಿತ್ತು, ಒಳಗೆ ನಾವು ಆರುತ್ತಿದ್ದೆವು.

ಅದೇ ಕೋಣೆಯಲ್ಲಿ ಕಸ್ತೂರಿ ಇದ್ದಳು. ನರಗುಂದದ ಕಡೆಯವಳು. ಅಪ್ಪ ಇಲ್ಲದ ಮನೆ, ಸೋದರಮಾವ ಓದಿಸುತ್ತಿದ್ದ. ಅವಳ ಹತ್ತಿರ ಸಣ್ಣ ಮಕ್ಕಳ ಸ್ಕೆಚ್ ಪೆನ್ನುಗಳಿದ್ದವು, ಅಷ್ಟೇ. ಹಾಸ್ಟೆಲ್ಲಿನಲ್ಲಿ ಒಂದು ರೂಢಿ ಇತ್ತು. ಮಾರ್ಕರ್ ಇದ್ದವರು ಗೆರೆ ಎಳೆಯುತ್ತಾರೆ, ಇಲ್ಲದವರು ಅವರಿಗೆ ಬಣ್ಣ ತುಂಬಿಕೊಡುತ್ತಾರೆ. ತುಂಬಿದ್ದಕ್ಕೆ ಪ್ರತಿಯಾಗಿ ತಮ್ಮ ಹಾಳೆಗೂ ಒಂದಿಷ್ಟು ಬಳಸಿಕೊಳ್ಳಬಹುದು. ಹಾಗೆ ನಾನು ಅವಳ ಕೈಗೆ ಬಂದೆ. ಹಗುರವಾದ ಕೈ. ಆದರೂ ಮೆಚ್ಚಲಿಲ್ಲ. ಏನನ್ನೂ ಮರೆಯದ ಕೈ ಅದು, ನನಗೆ ಅಂಥ ಕೈಗಳೆಂದರೆ ಭಯ.

ನಾವು ಆರಿ ಕರಕರ ಎನ್ನತೊಡಗಿದಾಗ ಶಾಂಭವಿ ಹೊಸ ಡಬ್ಬಿ ತಂದಳು. ನಮ್ಮನ್ನು ಕಸ್ತೂರಿಯ ಹಾಸಿಗೆಯ ಮೇಲೆ ಸುರಿದಳು.

"ತಗೋಲೇ. ಸತ್ತಾವ ಇವು. ಮಣ್ಣರ ಮಾಡು, ಪೂಜಿನರ ಮಾಡು."

ಕಸ್ತೂರಿ ನಮ್ಮನ್ನು ಒಂದೊಂದಾಗಿ ಡಬ್ಬಿಗೆ ತುಂಬಿಕೊಂಡಳು. ಮರುದಿನ ಔಷಧಿ ಅಂಗಡಿಯಿಂದ ಸ್ಪಿರಿಟ್ ಮತ್ತು ಒಂದು ಸಿರಿಂಜ್ ತಂದಳು. ಚಿಮಟದಿಂದ ನನ್ನ ಮೂಗು ಕಿತ್ತು, ಒಳಗೆ ಹನಿ ಹನಿಯಾಗಿ ಸ್ಪಿರಿಟ್ ಬಿಟ್ಟಳು. ಜೀವ ಬಂತು. ಆದರೆ ಬರುವಾಗ ಸುಟ್ಟುಕೊಂಡೇ ಬಂತು. ಸ್ಪಿರಿಟ್ ಹೊರಗೆ ಹರಿದು ನನ್ನ ಮೈಮೇಲಿನ ಅಕ್ಷರ, ನಂಬರು ಎಲ್ಲ ಅಳಿಸಿಹೋಯಿತು. ಅಣ್ಣತಮ್ಮಂದಿರಿಗೂ ಹಾಗೇ ಆಯಿತು. ಅಂದಿನಿಂದ ನಾವು ಯಾರು ಯಾರು ಎಂದು ಹೇಳಲು ಮುಚ್ಚಳ ಒಂದೇ ಉಳಿಯಿತು. ಅದಕ್ಕೇ ಕಸ್ತೂರಿ ಒಂದು ಅಭ್ಯಾಸ ಮಾಡಿಕೊಂಡಳು. ಯಾವ ಪೆನ್ನು ತೆಗೆದರೂ ಮೊದಲು ಎಡಗೈಯ ಹಿಂಬದಿಯಲ್ಲಿ ಒಂದು ಗೀಟು ಎಳೆದು ನೋಡುತ್ತಿದ್ದಳು. ಅವಳ ಎಡಗೈ ಯಾವಾಗಲೂ ಪಟ್ಟೆಪಟ್ಟೆಯಾಗಿರುತ್ತಿತ್ತು.

ಸ್ಕೆಚಿಂಗ್ ಕಲಿಸುತ್ತಿದ್ದವರು ಇನಾಮದಾರ ಸರ್. ಅವರ ಬಾಯಿಂದ ಒಳ್ಳೆಯ ಮಾತು ಬಂದದ್ದನ್ನು ಕೇಳಿದವರಿಲ್ಲ. "ಬೆಳಕು ಎಲ್ಲಿಂದ ಬರ್ತದ? ಎಡಗಡೆ ಮ್ಯಾಲಿಂದ. ನಿಮ್ಮ ಮನ್ಯಾಗ ಎಲ್ಲಿಂದರ ಬರ್ಲಿ, ನನ್ನ ಕ್ಲಾಸಿನ್ಯಾಗ ಎಡಗಡೆ ಮ್ಯಾಲಿಂದ" ಎನ್ನುತ್ತಿದ್ದರು. ಒಂದು ದಿನ ಶಾಂಭವಿಯ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಇದು ಮಿಕ್ಸರ್ ಅಲ್ಲವಾ. ಮಿಕ್ಸರಿನ ಹೆಣ."

ಕ್ಲಾಸು ನಕ್ಕಿತು. ಅವರು ಕಸ್ತೂರಿಯ ಹಾಳೆ ನೋಡಿದರು, ಏನೂ ಬಯ್ಯಲಿಲ್ಲ, ಬೋರ್ಡಿಗೆ ಪಿನ್ನು ಚುಚ್ಚಿ ಹಾಕಿದರು. ಅವರು ಬಯ್ಯದೇ ಇರುವುದು ಆ ಕಾಲೇಜಿನಲ್ಲಿ ದೊಡ್ಡ ಸುದ್ದಿ.

ಅಂದು ಸಂಜೆಯಿಂದ ಕೋಣೆಯ ಗಾಳಿಯೇ ಬೇರೆಯಾಯಿತು. ಕಸ್ತೂರಿಯ ಬಕೆಟ್ಟು ಬಚ್ಚಲಿನಿಂದ ಹೊರಗೆ ಬಂತು. ಅವಳು ಓದುವಾಗ ದೀಪ ಆರತೊಡಗಿತು. ಊರಿಂದ ಬಂದ ರೊಟ್ಟಿ ಬಿಚ್ಚಿದರೆ ಶಾಂಭವಿ ಮೂಗಿಗೆ ಓಢಣಿ ಹಿಡಿಯುತ್ತಿದ್ದಳು.

"ನನ್ನ ಪೆನ್ನಿಲೆ ನನಗ ಹೊಡೀತಿ ಏನಲೇ?" ಎಂದಳು ಒಮ್ಮೆ.

"ಸತ್ತಾವ ಅಂತ ನೀನ ಕೊಟ್ಟಿದ್ದಿ" ಎಂದಳು ಕಸ್ತೂರಿ, ತಲೆ ಎತ್ತದೆ.

"ಸತ್ತದ್ದು ಎಬ್ಬಿಸ್ಯಾಳ ನೋಡ್ರಿ, ದೊಡ್ಡ ಡಾಕ್ಟರಕಿ."

ಮೊದಲ ವರ್ಷ ಮುಗಿದ ಮೇಲೆ ಹುಡುಗ ಹುಡುಗಿಯರನ್ನು ಬೇರೆ ಬೇರೆ ವಿಭಾಗಕ್ಕೆ ಹಂಚುತ್ತಾರೆ. ಪ್ರಾಡಕ್ಟ್ ಡಿಸೈನ್ ವಿಭಾಗದಲ್ಲಿ ಸೀಟು ಕಡಿಮೆ, ಆಸೆಪಡುವವರು ಜಾಸ್ತಿ. ಎರಡು ದಿನದ ಪರೀಕ್ಷೆ. ಮೊದಲ ದಿನ ಒಂದು ಚಿತ್ರ, ಎರಡನೇ ದಿನ ಅದೇ ವಸ್ತುವಿನದು ದೊಡ್ಡ ಹಾಳೆ. ಎರಡೂ ಗೆಲ್ಲಬೇಕು. ಪರೀಕ್ಷೆಯ ವಾರ ಕಸ್ತೂರಿಗೆ ಮಾವನ ಫೋನು ಬಂತು. ಕಿವಿ ಸ್ವಲ್ಪ ಮಂದವಾಗಿದ್ದ ಅವನದು ಎತ್ತರದ ದನಿ, ಇಡೀ ಕೋಣೆಗೆ ಕೇಳಿತು.

"ಆ ಸೀಟು ಸಿಕ್ರ ಓದು. ಸಿಗಲಿಲ್ಲಂದ್ರ ಗಂಟು ಕಟ್ಕೊಂಡು ಬಾ. ಸೀರಿಗೆ ಹೂ ಬರಿಯೂದು ಕಲಿಯಾಕ ನಾ ಕಳಸಂಗಿಲ್ಲ. ಅದನ್ನ ನಿಮ್ಮವ್ವನೂ ಬಲ್ಲಳು."

"ಹೂಂ ಮಾವ."

ಶಾಂಭವಿ ಉಗುರಿಗೆ ಬಣ್ಣ ಹಚ್ಚುತ್ತ ಕೂತಿದ್ದಳು. ಕುಂಚ ಒಂದು ಗಳಿಗೆ ನಿಂತು ಮತ್ತೆ ಓಡಿತು.

ಪರೀಕ್ಷೆಯ ಹಿಂದಿನ ಸಂಜೆ ಕಸ್ತೂರಿ ನಮಗೆಲ್ಲ ಸ್ಪಿರಿಟ್ ಕುಡಿಸಿ, ಹಳೇ ಪೇಪರಿನ ಮೇಲೆ ಗೀಟು ಎಳೆದು ನೋಡಿ, ಮುಚ್ಚಳ ಒತ್ತಿ, ಸಾಲಾಗಿ ಡಬ್ಬಿಯಲ್ಲಿಟ್ಟು ಊಟಕ್ಕೆ ಹೋದಳು. ಶಾಂಭವಿ ಬಾಗಿಲು ಮುಂದೆ ಮಾಡಿ ಬಂದು ಡಬ್ಬಿ ತೆಗೆದಳು. ನನ್ನ ಮುಚ್ಚಳ ಕಿತ್ತಳು. ಎರಡನೆಯವನ ಮುಚ್ಚಳ ಕಿತ್ತಳು. ಅವನದನ್ನು ನನಗೆ ಹಾಕಿದಳು, ನನ್ನದನ್ನು ಅವನಿಗೆ. ಜೀವನದಲ್ಲಿ ಮೊದಲ ಸಲ ಅವಳು ಮುಚ್ಚಳವನ್ನು ಟಕ್ ಎನ್ನುವವರೆಗೆ ಒತ್ತಿದಳು. ಆಮೇಲೆ ಕನ್ನಡಿ ನೋಡಿ ಕೂದಲು ಸರಿಮಾಡಿಕೊಂಡು ಅವಳೂ ಊಟಕ್ಕೆ ಹೋದಳು.

ಮುಚ್ಚಳ ಚೆನ್ನಾಗಿಯೇ ಕೂತಿತು. ಒಂದೇ ಅಚ್ಚು ಎಂದೆನಲ್ಲ.

ಮರುದಿನ ಪರೀಕ್ಷೆಯ ಹಾಲ್‌ನಲ್ಲಿ ಇನಾಮದಾರ ಸರ್ ಬಾಗಿಲಲ್ಲೇ ನಿಂತಿದ್ದರು. "ಕೈ ತೊಳಕೊಂಡು ಬರ್ರಿ. ಹಾಳಿ ಮ್ಯಾಲ ಬಣ್ಣದ ಬೆರಳು ಮೂಡಿತು ಅಂದ್ರ ಆ ಹಾಳಿ ನಾ ನೋಡಂಗಿಲ್ಲ. ಕಸ್ತೂರಿ, ನಿನ್ನ ಕೈ ನೋಡವಾ, ಹುಲಿ ವೇಷದವರಂಗ ಆಗ್ಯಾವ." ಅವಳು ಹೋಗಿ ಚರ್ಮ ಕೆಂಪಾಗುವ ಹಾಗೆ ತಿಕ್ಕಿ ತೊಳೆದು ಬಂದಳು. ಒಬ್ಬೊಬ್ಬರಿಗೆ ಒಂದೇ ಹಾಳೆ. ವಿಷಯ, ಸ್ನಾನಕ್ಕೆ ನೀರು ಕಾಸುವ ಸಾಧನ.

ಕಸ್ತೂರಿ ಗೋಡೆಗೆ ನೇತುಹಾಕುವ ಗೀಸರ್ ಬರೆದಳು. ದುಂಡು ಮೈ, ಬಿಳಿ ಬಣ್ಣ, ಕೆಳಗೊಂದು ಗುಂಡಿ. ಗೆರೆಗಳು ಸೊಗಸಾಗಿ ಬಂದವು. ಡಬ್ಬಿಯಿಂದ ಎರಡರ ಮುಚ್ಚಳ ನೋಡಿ ನನ್ನನ್ನು ಎತ್ತಿಕೊಂಡಳು. ಎಡಗೈಯ ಕಡೆ ಒಯ್ದಳು. ತೊಳೆದ ಕೈ ಕಂಡು ನಿಂತಳು. ಸಂಜೆ ತಾನೇ ಒಂದೊಂದನ್ನೂ ನೋಡಿ ಇಟ್ಟದ್ದು ನೆನಪಾಗಿರಬೇಕು. ಗೀಟು ಎಳೆಯದೆ ನೇರ ಕಾಗದಕ್ಕೆ ಬಂದಳು. ಗೀಸರಿನ ನೆತ್ತಿಯಿಂದ ನಡುವಿನವರೆಗೆ ಒಂದೇ ಉಸಿರಿನಲ್ಲಿ ಅಗಲವಾದ ಪಟ್ಟಿ ಎಳೆದಳು.

ಬೆಳಕು ಬೀಳಬೇಕಾದ ಜಾಗದಲ್ಲಿ ನಾನು ಬಿದ್ದಿದ್ದೆ.

ಅವಳು ಮುಚ್ಚಳ ತಿರುಗಿಸಿ ನಂಬರು ನೋಡಿದಳು, ಎರಡೇ ಇತ್ತು. ನನ್ನನ್ನು ಮೇಜಿನ ಮೇಲಿಟ್ಟಳು. ಮುಂದಿನ ಸಾಲಿನಲ್ಲಿ ಶಾಂಭವಿ ಇದ್ದಳು. ಹಿಂದೆ ತಿರುಗಿ ನೋಡಲಿಲ್ಲ, ಆದರೆ ಬರೆಯುವುದನ್ನು ನಿಲ್ಲಿಸಿದ್ದಳು. ಬೆನ್ನಿನಿಂದಲೇ ಕೇಳಿಸಿಕೊಳ್ಳುತ್ತಿದ್ದಳು.

ಎಷ್ಟೋ ಹೊತ್ತಿನ ಮೇಲೆ ಕಸ್ತೂರಿ ಮತ್ತೆ ನನ್ನನ್ನೇ ಎತ್ತಿದಳು. ಹಾಳಾದ ನೆತ್ತಿಯನ್ನು ಪೂರಾ ನನ್ನಿಂದಲೇ ತುಂಬಿದಳು. ಭುಜಗಳನ್ನೂ ತುಂಬಿದಳು. ಗೋಡೆ ಮಾಯವಾಯಿತು. ಗೀಸರಿಗೆ ಮೂರು ಕಾಲು ಬಂದವು, ನೆಲದ ಮೇಲೆ ನಿಂತಿತು. ಗುಂಡಿ ಇದ್ದಲ್ಲಿ ಒಂದು ಬಾಯಿ ತೆರೆಯಿತು. ಬಾಯಿಯೊಳಗೆ ಬೆಂಕಿ. ತನ್ನ ಸ್ಕೆಚ್ ಪೆನ್ನುಗಳಲ್ಲಿ ಹಳದಿಯನ್ನೂ ಕೇಸರಿಯನ್ನೂ ತೆಗೆದು ಬೆಂಕಿಯ ಬೆಳಕು ಹೊಟ್ಟೆಯ ಕೆಳಭಾಗಕ್ಕೆ ತಾಗುವ ಹಾಗೆ ಮಾಡಿದಳು. ಅದು ಬಚ್ಚಲಮನೆಯ ಒಲೆಯಾಗಿತ್ತು. ಮೇಲೆಲ್ಲ ಕತ್ತಲು, ಕೆಳಗಿನಿಂದ ಬೆಳಕು.

ಇನಾಮದಾರ ಸರ್ ಬಂದು ನಿಂತರು.

"ಏನವಾ ಕಸ್ತೂರಿ, ಸೂರ್ಯ ನೆಲದಾಗಿಂದ ಹುಟ್ಟ್ಯಾನೇನು?"

"ಸೂರ್ಯ ಅಲ್ರೀ ಸರ್. ಒಲಿ."

"ಯಾರು ಹೇಳಿದ್ರು ಒಲಿ ಹಚ್ಚು ಅಂತ?"

"ನೀರು ಕಾಸಬೇಕಲ್ರೀ ಸರ್."

ಅವರು ಹಾಳೆಯನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ಭಾಳ ಶ್ಯಾಣ್ಯಾಕಿ ಆಗಬ್ಯಾಡ. ನಾಳೆ ದೊಡ್ಡ ಹಾಳ್ಯಾಗ ಇದನ್ನ ನಿಲ್ಲಿಸಿ ತೋರಿಸು, ನೋಡೋಣು" ಎಂದು ಮುಂದೆ ಹೋದರು. ಮುಂದಿನ ಸಾಲಿನಲ್ಲಿ ಶಾಂಭವಿಯ ಪೆನ್ನು ಕರ್ರ್ ಎಂದು ಸದ್ದು ಮಾಡಿತು.

ಸಂಜೆ ಕೋಣೆಯಲ್ಲಿ ಕಸ್ತೂರಿ ಪೇಪರ್ ಹಾಸಿ ಒಬ್ಬೊಬ್ಬರನ್ನೇ ತೆಗೆದು ಗೀಟು ಎಳೆದಳು. ಏಳರ ಮುಚ್ಚಳದ ಕೆಳಗೆ ತೆಳು ಬಣ್ಣ ಬಂತು. ಎರಡರ ಮುಚ್ಚಳದ ಕೆಳಗೆ ನಾನು ಬಂದೆ. ಅವಳು ಎರಡೂ ಗೀಟುಗಳ ಮೇಲೆ ಬೆರಳಾಡಿಸಿದಳು.

ಮಂಚದ ಮೇಲಿಂದ ಶಾಂಭವಿ ಮೊಬೈಲು ನೋಡುತ್ತಲೇ ಹೇಳಿದಳು. "ಹಳೇ ಪೆನ್ನು. ಕ್ಯಾಪ್ ಅದಲಿ ಬದಲಿ ಆಗಿರ್ತಾವ. ಸರೀ ಮಾಡಿಟ್ಕೋ ಮತ್ತ. ನಾಳೇನೂ ಒಲಿ ಊದಕೋತ ಕುಂತೀದಿ."

ಕ್ಯಾಪ್ ಅದಲುಬದಲಾಗಿದೆ ಎಂದು ಕಸ್ತೂರಿ ಬಾಯಿ ಬಿಟ್ಟು ಹೇಳಿರಲಿಲ್ಲ. ಆ ಕೋಣೆಯಲ್ಲಿ ಯಾರೂ ಹೇಳಿರಲಿಲ್ಲ.

"ಹೂಂ" ಎಂದಳು ಕಸ್ತೂರಿ.

ನನ್ನನ್ನೂ ಎರಡನೆಯವನನ್ನೂ ಬರಿಮೂಗಿನಲ್ಲಿ ಮುಂದಿಟ್ಟುಕೊಂಡಳು. ಈಗ ನನ್ನ ಮುಚ್ಚಳ ನನಗೆ ಬರುತ್ತದೆ ಎಂದುಕೊಂಡೆ. ಅವಳು ಎರಡರ ಮುಚ್ಚಳವನ್ನೇ ತೆಗೆದುಕೊಂಡಳು. ನನ್ನ ಮೇಲೇ ಇಟ್ಟಳು. ಗಟ್ಟಿಯಾಗಿ ಒತ್ತಿದಳು. ಕಣ್ತಪ್ಪು ಎಂದುಕೊಳ್ಳೋಣವೆಂದರೆ ಅವಳ ಕಣ್ಣು ತಪ್ಪುವಂಥದ್ದಲ್ಲ.

ಎರಡನೇ ದಿನ ಕೂರುವ ಜಾಗ ಬದಲಾಗಿತ್ತು. ದೊಡ್ಡ ಹಾಳೆಗಳೆಂದು ಉದ್ದನೆಯ ಮೇಜು ಹಾಕಿದ್ದರು. ಶಾಂಭವಿಯೂ ಕಸ್ತೂರಿಯೂ ಅಕ್ಕಪಕ್ಕ ಬಂದರು. ಕಸ್ತೂರಿ ಡಬ್ಬಿ ಬಿಚ್ಚಿ ಪೆನ್ನುಗಳನ್ನು ಸಾಲಾಗಿ ಇಟ್ಟಳು. ನನ್ನನ್ನು ಕೊನೆಯಲ್ಲಿ, ಶಾಂಭವಿಯ ಮೊಣಕೈ ಪಕ್ಕದಲ್ಲಿ. ಕಮೀಜಿನ ತೋಳು ಮೇಲೆ ಸರಿಸಿ, ಸರ್ ಕಾಣದ ಹಾಗೆ ಮಣಿಕಟ್ಟಿನ ಒಳಬದಿಯಲ್ಲಿ ಒಂದೊಂದೇ ಗೀಟು ಎಳೆದು ನೋಡಿ ಕೆಲಸ ಶುರುಮಾಡಿದಳು.

ಶಾಂಭವಿ ಅಂದು ಚೆನ್ನಾಗಿ ಬರೆದಳು. ಸುಳ್ಳು ಹೇಳಲಾರೆ. ಹಿತ್ತಲಿನ ನಲ್ಲಿಗೆ ಸಿಕ್ಕಿಸುವಂಥ ಒಂದು ಪುಟ್ಟ ಗೀಸರು, ಬಾಗಿದ ಕುತ್ತಿಗೆಯದು. ಕೊಕ್ಕರೆ ನಿಂತ ಹಾಗಿತ್ತು. ವರ್ಷವಿಡೀ ಹೆಣ ಬರೆದ ಕೈಯಿಂದ ಮೊದಲ ಸಲ ಜೀವವಿರುವ ಗೆರೆ ಬಂದಿತ್ತು. ಅವಳಿಗೂ ಅದು ಗೊತ್ತಾಗಿ ಮುಖ ಅರಳಿತ್ತು. ಬಣ್ಣಕ್ಕೆಂದು ತನ್ನ ಹೊಸ ಡಬ್ಬಿಯ ಎರಡನ್ನು ತೆಗೆದಳು. ಕರಕರ ಎಂದಿತು. ಮುಚ್ಚಳ ಸಡಿಲ ಬಿಟ್ಟು ಅದನ್ನೂ ಆರಿಸಿದ್ದಳು.

"ಎರಡು ಕೊಡಲೇ" ಎಂದಳು. ಕೇಳಿದ್ದಲ್ಲ, ಕೈ ಆಗಲೇ ಬಂದಿತ್ತು. ವರ್ಷವಿಡೀ ಹಾಗೇ ಎತ್ತಿಕೊಂಡವಳು. ಮುಚ್ಚಳ ಬದಲಿಸಿದ್ದು ಅವಳೇ, ಆದರೆ ಕಸ್ತೂರಿ ಸರಿ ಮಾಡಿರುತ್ತಾಳೆ ಎಂದು ನಂಬಿದ್ದಳು. ಹೂಂ ಎಂದಿದ್ದಳಲ್ಲ.

ಕಸ್ತೂರಿ ನೋಡಿದಳು. ಮುಚ್ಚಳ ಬಿಚ್ಚುವುದನ್ನು ನೋಡಿದಳು. ನನ್ನ ಮೂಗು ಕೊಕ್ಕರೆಯ ಕುತ್ತಿಗೆಯ ಮೇಲೆ ನಿಂತದ್ದನ್ನು ನೋಡಿದಳು. ತುಟಿ ಒಮ್ಮೆ ಬಿಚ್ಚಿತು. "ತಡಿ" ಎಂದರೆ ಸಾಕಿತ್ತು. ತುಟಿ ಮುಚ್ಚಿಕೊಂಡಿತು.

ಶಾಂಭವಿಯ ಕೈ ಯಾವಾಗಲೂ ಒತ್ತುವ ಕೈ. ನಾನು ಹಾಳೆಯ ಆಳಕ್ಕೆ ಇಳಿದೆ.

ಕಲೆ ತಿಳಿಮಾಡುವ, ಬಣ್ಣವಿಲ್ಲದ ಸ್ಪಿರಿಟ್ ಪೆನ್ನು ತೆಗೆದು ತಿಕ್ಕಿದಳು. ನಾನು ಹೋಗಲಿಲ್ಲ, ಹರಡಿದೆ. ಮತ್ತೆ ತಿಕ್ಕಿದಳು. ಕಾಗದದ ಜುಂಗು ಎದ್ದು ಕುತ್ತಿಗೆ ಇದ್ದಲ್ಲಿ ತೂತು ಬಿತ್ತು. ಸರ್ ಬಂದು ಬಗ್ಗಿ ನೋಡಿದರು.

"ಛಲೋ ಇತ್ತಲ್ಲವಾ ಇದು. ಇಲ್ಲಿ ಯಾಕ ಡಾಂಬರು ಹಾಕೀದಿ?"

ಇನಾಮದಾರ ಸರ್ ಛಲೋ ಎಂದದ್ದು ಆ ವರ್ಷದಲ್ಲಿ ಅದೊಂದೇ ಸಲ.

"ಕ್ಯಾಪ್..." ಎಂದಳು ಶಾಂಭವಿ.

"ಏನು ಕ್ಯಾಪ್?"

ಹೇಳಲು ಹೊರಟರೆ ಮೊದಲಿನಿಂದ ಹೇಳಬೇಕಾಗಿತ್ತು. ಎರಡರ ಮುಚ್ಚಳ ನನ್ನ ಮೇಲೆ ಬಂದದ್ದು ಯಾವಾಗ, ಯಾರ ಕೈಯಿಂದ ಎಂದು. ಅವಳು ಕಸ್ತೂರಿಯ ಕಡೆ ತಿರುಗಿದಳು. ಕಸ್ತೂರಿ ಬೆಂಕಿಗೆ ಕೇಸರಿ ತುಂಬುತ್ತಿದ್ದಳು.

"ಏನಿಲ್ರೀ ಸರ್" ಎಂದಳು ಶಾಂಭವಿ.

ಬೋರ್ಡಿನ ಮೇಲೆ ಹೆಸರು ಹಾಕಿದಾಗ ಪ್ರಾಡಕ್ಟ್ ವಿಭಾಗದಲ್ಲಿ ಕಸ್ತೂರಿ ಇದ್ದಳು, ಶಾಂಭವಿ ಇರಲಿಲ್ಲ. ಬೇರೆ ವಿಭಾಗಕ್ಕೆ ಹೋಗುವುದಿಲ್ಲವೆಂದು ಅವಳು ಗಂಟು ಕಟ್ಟಿದಳು. ಅಪ್ಪನ ಕಾರು ಕೆಳಗೆ ಹಾರ್ನ್ ಹೊಡೆಯುತ್ತಿತ್ತು.

"ನೀ ನೋಡಾಕತ್ತಿದ್ದಿ" ಎಂದಳು.

"ಹೌದು."

"ಬಾಯಿ ಇರಲಿಲ್ಲೇನ ನಿನಗ?"

"ಮೊದಲನೇ ದಿನ ನಿನಗಿತ್ತೇನು?"

ಶಾಂಭವಿಯ ಕಣ್ಣು ತುಂಬಿತು. ಅದನ್ನು ಸಿಟ್ಟಿನಿಂದ ಒರೆಸಿಕೊಂಡಳು. "ನನ್ನ ಪೆನ್ನು ನನಗ ಕೊಡು. ಎಲ್ಲಾ ಕೊಡು. ಒಂದೂ ಬಿಡಂಗಿಲ್ಲ."

ಕಸ್ತೂರಿ ಡಬ್ಬಿ ತಂದು ಮಂಚದ ಮೇಲೆ ಸುರಿದಳು, ಒಮ್ಮೆ ಇವಳು ಸುರಿದ ಹಾಗೆಯೇ. ಆದರೆ ಒಂದನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ನನ್ನ ಮುಚ್ಚಳ ತೊಟ್ಟ ಎರಡನೆಯವನು ಅದು.

"ಅದೂ ನಂದು."

"ಹೌದು, ನಿಂದು" ಎಂದಳು ಕಸ್ತೂರಿ. ಮುಷ್ಟಿ ಬಿಚ್ಚಲಿಲ್ಲ.

ಹಾರ್ನ್ ಮತ್ತೆ ಕೇಳಿತು. ಶಾಂಭವಿ ನಮ್ಮನ್ನು ಬಾಚಿಕೊಂಡು ಇಳಿದಳು.

ಈಗ ನಾನು ಟೈಲ್ಸ್ ಶೋರೂಮಿನ ಕೌಂಟರಿನ ಮೇಲೆ, ಒಂದು ತಗಡಿನ ಡಬ್ಬಿಯಲ್ಲಿದ್ದೇನೆ. ಬಂದ ಹೊಸತರಲ್ಲಿ ನನಗೆ ಕೆಲಸವಿತ್ತು. ಲಾರಿಯಿಂದ ಇಳಿದ ಟೈಲ್ಸ್‌ನಲ್ಲಿ ಸೀಳು ಬಿಟ್ಟದ್ದನ್ನು ಶಾಂಭವಿ ಬೆರಳಲ್ಲಿ ತಟ್ಟಿ, ಸದ್ದು ಕೇಳಿ ಆರಿಸುತ್ತಾಳೆ. ಅವುಗಳ ಬೆನ್ನಿಗೆ ನನ್ನಿಂದ ಅಡ್ಡ ಗೀಟು ಹಾಕುತ್ತಿದ್ದಳು. ಗೀಟು ಬಿದ್ದವು ಹಿಂದಿನ ಗೋಡೆಗೆ ಹೋಗುತ್ತಿದ್ದವು. ಜೊತೆಗೆ ಬಂದ ಅಣ್ಣತಮ್ಮಂದಿರು ಒಬ್ಬೊಬ್ಬರಾಗಿ ಆರಿ ಕಸದ ಬುಟ್ಟಿ ಸೇರಿದರು. ನನ್ನನ್ನು ಮಾತ್ರ ಅವಳು ಬಿಡಲಿಲ್ಲ. ಸ್ಪಿರಿಟ್ ಹಾಕಿ ಎಬ್ಬಿಸುವ ವಿದ್ಯೆ ಅವಳಿಗೆ ಗೊತ್ತಿಲ್ಲ, ಗೊತ್ತಿದ್ದರೂ ಮಾಡುತ್ತಿರಲಿಲ್ಲ. ಆ ವಿದ್ಯೆ ಬೇರೆಯವಳದು. ನಾನೂ ಆರಿದೆ.

ಮೊನ್ನೆ ಅವಳ ಅಪ್ಪ ಡಬ್ಬಿ ಅಲುಗಾಡಿಸಿ ನನ್ನನ್ನು ಎತ್ತಿದರು. "ಇದರಾಗ ಏನೂ ಇಲ್ಲವಾ. ಒಗಿ ಆ ಕಡೆ."

"ಇರ್ಲಿ ಅಪ್ಪಾ."

"ಎರಡು ಅಂತ ಬರದೈತಿ. ಎರಡು ಅಂದ್ರ ಏನು?"

"ಅದು ಎರಡಲ್ಲ" ಎಂದಳು ಶಾಂಭವಿ. ಅವರ ಕೈಯಿಂದ ನನ್ನನ್ನು ತೆಗೆದುಕೊಂಡಳು.

ನನ್ನ ಮುಚ್ಚಳ ಈಗ ಎಲ್ಲಿದೆಯೋ. ಕಸ್ತೂರಿ ಇನ್ನೂ ಇಟ್ಟುಕೊಂಡಿದ್ದರೆ ಎರಡನೆಯವನ ತಲೆಯ ಮೇಲಿದೆ. ಅವನದು ನನ್ನ ತಲೆಯ ಮೇಲಿದೆ. ಸರಿ ಮಾಡಬೇಕೆಂದರೆ ಇಬ್ಬರೂ ಒಂದು ಮೇಜಿಗೆ ಬರಬೇಕು. ಬರುವುದಿಲ್ಲ. ನಾನು ಇಬ್ಬರ ಕೈಯನ್ನೂ ಬಲ್ಲೆ.

ಅಪ್ಪ ಒಳಗೆ ಹೋದ ಮೇಲೆ ಶಾಂಭವಿ ನನ್ನ ಮುಚ್ಚಳ ಬಿಚ್ಚಿದಳು. ಎಡಗೈಯ ಹಿಂಬದಿಯಲ್ಲಿ ಒಂದು ಗೀಟು ಎಳೆದಳು. ಈ ಅಭ್ಯಾಸ ಅವಳಿಗೆ ಯಾರಿಂದ ಬಂತೆಂದು ಕೇಳಿದರೆ ಒಪ್ಪಿಕೊಳ್ಳಲಿಕ್ಕಿಲ್ಲ. ಚರ್ಮದ ಮೇಲೆ ಏನೂ ಮೂಡಲಿಲ್ಲ. ಎರಡೂ ಅಲ್ಲ, ಏಳೂ ಅಲ್ಲ. ಬರಿ ಮೂಗು ಎಳೆದ ಬಿಳಿ ಗೀರು, ಅದೂ ನೋಡನೋಡುತ್ತ ಮಾಸಿತು.

ಅವಳು ಮುಚ್ಚಳ ಹಾಕಿದಳು. ಈಗ ಮಾತ್ರ ಟಕ್ ಎನ್ನುವವರೆಗೆ ಒತ್ತುತ್ತಾಳೆ. ಒಳಗೆ ಆರುವುದಕ್ಕೆ ಏನೂ ಉಳಿದಿಲ್ಲ.